ಪಗಾರ ಉಂಟು, ಪಟ್ಟಿಯಲ್ಲಿ ಹೆಸರಿಲ್ಲ

ಮಹಾಲಿಂಗಪುರದ ಪೇಟೆಯಲ್ಲಿ ಅರ್ಜಿ ಬರೆದು ಕೆಲಸಕ್ಕೆ ಸೇರಿದವರು ಕಡಿಮೆ. ಗುರುತಿನವರು ಯಾರೋ ಕರೆದುಕೊಂಡು ಹೋಗಿ ಅಂಗಡಿಯ ಮುಂದೆ ನಿಲ್ಲಿಸುತ್ತಾರೆ. ಮಾಲಕರು ಯಾವ ಊರು, ಯಾರ ಮಗ, ಮೊದಲು ಎಲ್ಲಿದ್ದೆ ಎಂದು ನಾಲ್ಕು ಮಾತು ಕೇಳಿ "ನಾಳಿಂದ ಬಾರಪಾ" ಅನ್ನುತ್ತಾರೆ. ಪಗಾರದ ವಿಷಯವೂ ಅಲ್ಲೇ ಬಾಯಿಮಾತಿನಲ್ಲಿ ಮುಗಿಯುತ್ತದೆ. ಮರುದಿನ ಆ ಹುಡುಗ ಖಾನಾವಳಿಯಲ್ಲಿ ತಾಟು ಎತ್ತುತ್ತಿರುತ್ತಾನೆ, ಇಲ್ಲವೆ ಜವಳಿ ಅಂಗಡಿಯ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸುತ್ತಿರುತ್ತಾನೆ. ಹತ್ತು ವರ್ಷ ಅಲ್ಲೇ ದುಡಿದರೂ ದುಡಿದದ್ದಕ್ಕೆ ಅವನ ಕೈಯಲ್ಲಿ ಒಂದು ಚೀಟಿ ಇರುವುದಿಲ್ಲ.

ಕೆಲಸದಲ್ಲಿ ಕಳ್ಳತನವಿಲ್ಲ. ಪಗಾರವೂ ಬಹುಮಟ್ಟಿಗೆ ತಿಂಗಳಿಗೆ ಸರಿಯಾಗಿ ಸಿಗುತ್ತದೆ. ಆದರೆ ಕಾರ್ಮಿಕ ಇಲಾಖೆ, ಭವಿಷ್ಯನಿಧಿ (ಪಿಎಫ್) ಕಚೇರಿ, ತೆರಿಗೆ ಇಲಾಖೆ, ಈ ಮೂರರಲ್ಲಿ ಯಾವುದರ ದಫ್ತರದಲ್ಲೂ ಆ ಕೆಲಸ ಕಾಣುವುದಿಲ್ಲ. ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ ಕೃಷಿಯ ಹೊರಗೆ ತಿಂಗಳ ಪಗಾರಕ್ಕೆ ದುಡಿಯುವ ಭಾರತೀಯರಲ್ಲೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಲಿಖಿತ ಕರಾರು ಇಲ್ಲ. ದಿನಗೂಲಿಯವರು ಈ ಲೆಕ್ಕದಲ್ಲಿ ಸೇರಿಲ್ಲ.

ಮಹಾಲಿಂಗಪುರದ ರೊಕ್ಕ ಹುಟ್ಟುವುದು ಬೆಲ್ಲದ ಮಾರುಕಟ್ಟೆಯಲ್ಲಿ, ಮಗ್ಗಗಳಲ್ಲಿ, ಸುತ್ತಲಿನ ಕಬ್ಬಿನ ಹೊಲಗಳಲ್ಲಿ, ಹತ್ತಿರದ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ. ಆ ರೊಕ್ಕ ಕೈ ಬದಲಾಗುವುದು ಖಾನಾವಳಿ, ಲಾಡ್ಜು, ಗ್ಯಾರೇಜು, ಕಟಿಂಗ್ ಶಾಪು, ಖಾಸಗಿ ದವಾಖಾನೆ, ಔಷಧಿ ಅಂಗಡಿ, ಮಂಗಲ ಕಾರ್ಯಾಲಯಗಳಲ್ಲಿ. ಕಾರ್ಖಾನೆಯ ಕಾಯಂ ಕಾರ್ಮಿಕನಿಗೆ ಪಿಎಫ್ ಸಂಖ್ಯೆ ಇರುತ್ತದೆ. ಅವನು ಪಾಳಿ ಮುಗಿಸಿ ಬಂದು ಚಹಾ ಕುಡಿಯುವ ಅಂಗಡಿಯ ಹುಡುಗನಿಗೆ ಅಂಥ ಯಾವ ಸಂಖ್ಯೆಯೂ ಇರುವುದಿಲ್ಲ. ಈ ಲೇಖನ ಆ ಹುಡುಗನ ಬಗ್ಗೆ, ಮತ್ತು ಅವನ ಮಾಲಕರ ಬಗ್ಗೆ ಕೂಡ.

ಪಟ್ಟಿಯ ಹೊರಗೆ ಉಳಿಯುವ ಬಗೆಗಳು

ಹೆಸರೇ ಎಲ್ಲೂ ಇಲ್ಲದಿರುವುದು ಒಂದು ಬಗೆ. ಸಣ್ಣ ಖಾನಾವಳಿ, ಪಂಕ್ಚರ್ ಅಂಗಡಿ, ಬ್ಯೂಟಿ ಪಾರ್ಲರ್‌ಗಳಲ್ಲಿ ಇದೇ ಹೆಚ್ಚು. ಸ್ವಲ್ಪ ದೊಡ್ಡ ಅಂಗಡಿಗೆ ಬಂದರೆ ಚಿತ್ರ ಬದಲಾಗುತ್ತದೆ. ಹದಿನಾಲ್ಕು ಮಂದಿ ಕೆಲಸ ಮಾಡುವ ಜವಳಿ ಅಂಗಡಿಯ ಹಾಜರಿ ಪುಸ್ತಕದಲ್ಲಿ ಒಂಬತ್ತು ಹೆಸರು ಇರಬಹುದು. ಉಳಿದ ಐವರು, ಯಾರಾದರೂ ಬಂದು ಕೇಳಿದ ದಿನ, "ನಮ್ಮ ಅಳಿಯ", "ಊರಿಂದ ಬಂದಾನ", "ಕಲಿಯಾಕ ಬಂದಾನ" ಆಗಿಬಿಡುತ್ತಾರೆ. ಮೂರನೆಯದು ಇನ್ನೂ ಸೂಕ್ಷ್ಮ: ಹೆಸರು ಪುಸ್ತಕದಲ್ಲಿದೆ, ಪಗಾರ ಅರ್ಧ ಮಾತ್ರ ಇದೆ. ಕಾಗದದ ಮೇಲೆ ಕಾಣುವಷ್ಟು ಬ್ಯಾಂಕಿಗೆ, ಮಿಕ್ಕದ್ದು ಲಕೋಟೆಯಲ್ಲಿ. ಖಾಸಗಿ ಶಾಲೆ ಮತ್ತು ದವಾಖಾನೆಗಳಲ್ಲಿ ಇದು ಅಪರೂಪವಲ್ಲ.

ಹದಿನಾಲ್ಕು ವರ್ಷ ತುಂಬದ ಹುಡುಗನನ್ನು ಇಟ್ಟುಕೊಂಡು ಹೆಸರು ಬರೆಯದಿರುವುದು ಬೇರೆಯೇ ವಿಷಯ. ಅದು ಲೆಕ್ಕ ಮುಚ್ಚಿಡುವುದಲ್ಲ, ನೇರ ಅಪರಾಧ. ಅದಕ್ಕೆ ಈ ಲೇಖನದಲ್ಲಿ ಪರಿಹಾರ ಹುಡುಕುವ ಅಗತ್ಯವಿಲ್ಲ.

ಬಹುತೇಕ ಮಾಲಕರ ಗಲ್ಲೆಯ ಕೆಳಗೆ ಇನ್ನೊಂದು ಪುಸ್ತಕ ಇರುತ್ತದೆ. ಉದ್ದನೆಯ ವಹಿ, ಅಥವಾ ಕಳೆದ ವರ್ಷದ ಡೈರಿ. ಒಬ್ಬೊಬ್ಬರಿಗೆ ಒಂದೊಂದು ಪುಟ. ಮೇಲೆ ಅಡ್ಡಹೆಸರಿಲ್ಲದೆ ಬರೀ ಹೆಸರು, ಕೆಳಗೆ ತಾರೀಕು, ರಜೆ, "ಅಡ್ವಾನ್ಸ್ 500", "ತಂಗಿ ಮದಿವಿ 20,000", ತಿಂಗಳ ಕೊನೆಗೆ ಕಳೆದು ಉಳಿದ ಬಾಕಿ. ಅಕ್ಷರ ಕಾಗೆ ಕಾಲಿನಂತಿದ್ದರೂ ಲೆಕ್ಕ ತಪ್ಪಿರುವುದಿಲ್ಲ. ನೋಡಿದರೆ ಕಾನೂನು ಕೇಳುವ ವೇತನ ಪುಸ್ತಕದಲ್ಲಿ ಇರಬೇಕಾದದ್ದು ಬಹುಪಾಲು ಇಲ್ಲೇ ಇದೆ. ಅಂದರೆ ನಮ್ಮ ಮಾಲಕರಿಗೆ ಲೆಕ್ಕ ಇಡಲು ಬರುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಲೆಕ್ಕ ಇದೆ, ತೋರಿಸಲು ಮನಸ್ಸಿಲ್ಲ. ಏಕೆ ಎಂಬುದನ್ನು ನೋಡೋಣ.

ಕಾನೂನು ಏನು ಕೇಳುತ್ತದೆ

ಹೊಸದೇನೂ ಅಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ಅಂಗಡಿ, ಹೋಟೆಲು, ಸಲೂನುಗಳು ನೋಂದಣಿ ಆಗಬೇಕು, ಕೆಲಸದ ವೇಳೆಗೆ ಮಿತಿ ಇರಬೇಕು, ವಾರದ ರಜೆ ಇರಬೇಕು, ಕೆಲಸಕ್ಕೆ ತೆಗೆದುಕೊಂಡವರಿಗೆ ಲಿಖಿತ ನೇಮಕ ಆದೇಶ ಕೊಡಬೇಕು. ಈಗ 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹತ್ತು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ನೇಮಕ ಪತ್ರ ಕೊಡಲೇಬೇಕು ಎಂಬುದನ್ನು ಅವೂ ಹೇಳುತ್ತವೆ. ಕನಿಷ್ಠ ವೇತನ ಮೊದಲು ಪಟ್ಟಿ ಮಾಡಿದ ಉದ್ಯೋಗಗಳಿಗೆ ಮಾತ್ರ ಇತ್ತು, ವೇತನ ಸಂಹಿತೆ ಅದನ್ನು ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿದೆ. ತಿಂಗಳ ಪಗಾರ ಮುಂದಿನ ತಿಂಗಳ ಏಳನೇ ತಾರೀಕಿನೊಳಗೆ ಸಿಗಬೇಕು. ಕೆಲಸ ಬಿಟ್ಟವರ ಅಥವಾ ಬಿಡಿಸಿದವರ ಬಾಕಿ ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಆಗಬೇಕು.

ಸಾಮಾಜಿಕ ಭದ್ರತೆಯ ದೊಡ್ಡ ಬಾಗಿಲುಗಳು ಎರಡು. ನೌಕರರ ರಾಜ್ಯ ವಿಮೆಗೆ, ಅಂದರೆ ಇಎಸ್‌ಐಗೆ, ಹತ್ತು ಮಂದಿ ನೌಕರರಿರಬೇಕು, ಪಗಾರ ₹21,000 ಮೀರಿರಬಾರದು. ಪಿಎಫ್‌ಗೆ ಇಪ್ಪತ್ತು ಮಂದಿ. ಒಮ್ಮೆ ಪಿಎಫ್ ವ್ಯಾಪ್ತಿಗೆ ಬಂದ ಸಂಸ್ಥೆ ಆಮೇಲೆ ಜನ ಕಡಿಮೆಯಾದರೂ ಹೊರಗೆ ಹೋಗುವಂತಿಲ್ಲ.

ಈ ಹತ್ತು ಮತ್ತು ಇಪ್ಪತ್ತು ಪೇಟೆಯಲ್ಲಿ ಮಾಡಿರುವ ಕೆಲಸ ಸಣ್ಣದಲ್ಲ. ಒಂಬತ್ತನೆಯವನವರೆಗೆ ಮಾಲಕರಿಗೆ ಖರ್ಚು ಒಂದು ರೀತಿ. ಹತ್ತನೆಯವನ ಹೆಸರು ಬರೆದ ದಿನ ಇಎಸ್‌ಐ ಅವನೊಬ್ಬನಿಗಲ್ಲ, ಹಿಂದಿನ ಒಂಬತ್ತು ಮಂದಿಗೂ ಶುರುವಾಗುತ್ತದೆ. ಇಪ್ಪತ್ತನೆಯವನ ಕಥೆಯೂ ಇದೇ. ಹಾಗಾಗಿ ಕಾಗದದ ಮೇಲಿನ ಅಂಗಡಿ ಒಂಬತ್ತರಲ್ಲೋ ಹತ್ತೊಂಬತ್ತರಲ್ಲೋ ನಿಂತುಬಿಡುತ್ತದೆ, ಒಳಗೆ ಜನ ಹೆಚ್ಚುತ್ತಲೇ ಇರುತ್ತಾರೆ. ಕೆಲವರು ಒಂದೇ ಅಂಗಡಿಯನ್ನು ತಮ್ಮ ಹೆಸರಲ್ಲೊಂದು, ಹೆಂಡತಿಯ ಹೆಸರಲ್ಲೊಂದು ಮಾಡಿ ಎರಡು ಪರವಾನಗಿ ಇಟ್ಟುಕೊಳ್ಳುತ್ತಾರೆ. ನಡುವೆ ಗೋಡೆಯೂ ಇರುವುದಿಲ್ಲ.

₹15,000ದ ಒಳಗೆ ಏನಿದೆ

ಲೆಕ್ಕ ಸುಲಭವಾಗಲೆಂದು ತಿಂಗಳಿಗೆ ₹15,000 ಪಗಾರ ಎಂದಿಟ್ಟುಕೊಳ್ಳಿ. ಅಂಗಡಿ ದೊಡ್ಡದು, ಪಿಎಫ್, ಇಎಸ್‌ಐ ಎರಡೂ ಅನ್ವಯಿಸುತ್ತವೆ.

ಕೆಲಸಗಾರನ ಪಾಲಿನಿಂದ ಪಿಎಫ್‌ಗೆ ಶೇ 12, ಅಂದರೆ ₹1,800. ಇಎಸ್‌ಐಗೆ ಶೇ 0.75, ರೂಪಾಯಿಗೆ ಏರಿಸಿದರೆ ₹113. ಕೈಗೆ ಬರುವುದು ₹13,087. ಮಾಲಕರು ತಮ್ಮ ಕಡೆಯಿಂದ ಪಿಎಫ್, ವಿಮೆ, ಆಡಳಿತ ವೆಚ್ಚ ಸೇರಿ ಶೇ 13, ಅಂದರೆ ₹1,950 ಹಾಕಬೇಕು. ಇಎಸ್‌ಐಗೆ ಶೇ 3.25, ₹488. ಒಟ್ಟು ₹2,438 ಹೆಚ್ಚು. ಮಾಲಕರ ಜೇಬಿನಿಂದ ಹೋದದ್ದು ₹17,438, ಕೆಲಸಗಾರನ ಕೈಗೆ ಬಂದದ್ದು ₹13,087. ನಡುವೆ ₹4,351 ಅಂತರ.

ಈ ಅಂತರವೇ ಇಬ್ಬರನ್ನೂ ಒಂದು ಒಳ ಒಪ್ಪಂದಕ್ಕೆ ತರುತ್ತದೆ. ಪಟ್ಟಿಯಲ್ಲಿ ಹೆಸರು ಬರೆಯದೆ ₹15,000 ಕೈಯಲ್ಲೇ ಕೊಟ್ಟರೆ ಮಾಲಕರಿಗೆ ₹2,438 ಉಳಿಯಿತು, ಹುಡುಗನಿಗೆ ₹1,913 ಹೆಚ್ಚು ಬಂತು. "ಸಾವಕಾರ್ರ, ಪಿಎಫ್ ಗೀಎಫ್ ಬ್ಯಾಡ್ರಿ, ಕೈಯಾಗ ಕೊಟ್ಟಬಿಡ್ರಿ" ಎಂದು ಕೆಲಸಗಾರರೇ ಹೇಳುತ್ತಾರೆ ಎಂದು ಮಾಲಕರು ವಾದಿಸುವುದುಂಟು. ಅದರಲ್ಲಿ ಸುಳ್ಳಿಲ್ಲ. ಇಪ್ಪತ್ತೆರಡು ವಯಸ್ಸಿನ ಹುಡುಗನಿಗೆ ಐವತ್ತೆಂಟರ ಪಿಂಚಣಿಗಿಂತ ಈ ತಿಂಗಳ ಬೈಕಿನ ಕಂತು ಹತ್ತಿರ.

ಆದರೆ ಆ ₹4,351 ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಅವನಿಗೆ ಬಿಡಿಸಿ ಹೇಳಿರುವುದಿಲ್ಲ. ಅವನ ₹1,800 ಅವನದೇ ಹೆಸರಿನಲ್ಲಿ ಬಡ್ಡಿ ಸೇರಿ ಬೆಳೆಯುತ್ತದೆ. ಮಾಲಕರ ಶೇ 12ರಲ್ಲಿ ₹1,250 ಪಿಂಚಣಿ ನಿಧಿಗೆ, ₹550 ಮತ್ತೆ ಅವನ ಖಾತೆಗೆ ಹೋಗುತ್ತದೆ. ಕೆಲಸದಲ್ಲಿದ್ದಾಗ ಅವನು ತೀರಿಕೊಂಡರೆ ಪಿಎಫ್ ಜೊತೆಗಿನ ವಿಮೆಯಿಂದ ಮನೆಯವರಿಗೆ ಗರಿಷ್ಠ ₹7 ಲಕ್ಷದವರೆಗೆ ಬರುತ್ತದೆ. ಇಎಸ್‌ಐನಲ್ಲಿ ಅವನಿಗಷ್ಟೇ ಅಲ್ಲ, ಅವನನ್ನು ನಂಬಿದ ಮನೆಯವರಿಗೂ ಚಿಕಿತ್ಸೆ ಇದೆ. ಅರ್ಹತೆಯ ಅವಧಿ ಮುಗಿದಿದ್ದರೆ ಕಾಯಿಲೆಗೆ ವರ್ಷಕ್ಕೆ 91 ದಿನದವರೆಗೆ ಪಗಾರದ ಶೇ 70 ಸಿಗುತ್ತದೆ. ಕೆಲಸದಲ್ಲಿ ಏಟಾದರೆ ಸೇರಿದ ಮೊದಲ ದಿನದಿಂದಲೇ ರಕ್ಷಣೆ, ದುಡಿಯಲಾಗದ ದಿನಗಳಿಗೆ ಶೇ 90. ಖಾನಾವಳಿಯ ಒಲೆಯ ಮುಂದೆ, ಗ್ಯಾರೇಜಿನ ಜ್ಯಾಕಿನ ಕೆಳಗೆ ದುಡಿಯುವವರಿಗೆ ಈ ಕೊನೆಯ ಸಾಲು ಮುಖ್ಯ.

ಪಟ್ಟಿಯಲ್ಲಿಲ್ಲದವನಿಗೆ ಇವುಗಳ ಬದಲಿಗೆ ಇರುವುದು ಮಾಲಕರ ಮನಸ್ಸು. ಅದನ್ನು ಹಗುರವಾಗಿ ಕಾಣಬಾರದು. ಹೆರಿಗೆಗೆ, ಮದುವೆಗೆ, ತಂದೆಯ ಆಪರೇಷನ್ನಿಗೆ ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದರೂ ರೊಕ್ಕ ಎಣಿಸಿ ಕೊಡುವ ಮಾಲಕರು ಈ ಪೇಟೆಗಳಲ್ಲಿ ಇದ್ದಾರೆ. ಯಾವ ಕಚೇರಿಯೂ ಆ ವೇಗದಲ್ಲಿ ಕೊಡುವುದಿಲ್ಲ. ಆದರೆ ಆ ರೊಕ್ಕ ಸಾಲ. ವಹಿಯ ಪುಟದಲ್ಲಿ ಅದು ತೀರುವವರೆಗೆ ಬೇರೆ ಅಂಗಡಿಗೆ ಹೋಗುವಂತಿಲ್ಲ, ಪಗಾರ ಹೆಚ್ಚಿಸಿ ಎನ್ನಲು ಬಾಯಿ ಬರುವುದಿಲ್ಲ. ವಿಮೆಗೂ ಅಡ್ವಾನ್ಸಿಗೂ ಇರುವ ವ್ಯತ್ಯಾಸ ಇಷ್ಟೇ, ಮತ್ತು ಅದು ದೊಡ್ಡದು.

ರೇಶನ್ ಕಾರ್ಡಿನ ಹೆದರಿಕೆ

ಕೆಲಸಗಾರರು ಹಿಂದೆ ಸರಿಯಲು ಇನ್ನೊಂದು ಕಾರಣವಿದೆ. ಕಾರ್ಮಿಕ ಇಲಾಖೆಯ ಭಾಷಣಗಳಲ್ಲಿ ಅದು ಬರುವುದು ಅಪರೂಪ. "ಹೆಸರ ಬರಸಿದ್ರ ರೇಶನ್ ಕಾರ್ಡ್ ಹೋಗತೈತ್ರಿ."

ಈ ಹೆದರಿಕೆಗೆ ಬುಡ ಇದೆ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಇರುವ ಆದಾಯ ಮಿತಿ ವರ್ಷಕ್ಕೆ ₹1.20 ಲಕ್ಷ. ಅಂದರೆ ಇಡೀ ಕುಟುಂಬಕ್ಕೆ ತಿಂಗಳಿಗೆ ₹10,000. ನಮ್ಮ ಉದಾಹರಣೆಯ ಹುಡುಗನ ಪಗಾರ ವರ್ಷಕ್ಕೆ ₹1.80 ಲಕ್ಷ. ಅವನೊಬ್ಬನ ಕಾನೂನುಬದ್ಧ ಪಗಾರ ಕಾಗದಕ್ಕೆ ಬಂದರೆ ಅವನ ಮನೆ ಬಡತನದ ರೇಖೆ ದಾಟಿದಂತೆ. 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಕಾರ್ಡುಗಳ ಪರಿಶೀಲನೆ ನಡೆದು ಹಲವರ ಬಿಪಿಎಲ್ ಕಾರ್ಡ್ ರದ್ದಾಗಿ ಗದ್ದಲವಾದದ್ದು, ಸರ್ಕಾರ ಹೆಜ್ಜೆ ಹಿಂದಿಟ್ಟು ಕಾರ್ಡುಗಳನ್ನು ಮರಳಿಸಿದ್ದು ಎಲ್ಲರಿಗೂ ನೆನಪಿದೆ. ಬಿಪಿಎಲ್ ಕಾರ್ಡ್ ಎಂದರೆ ಅಕ್ಕಿ ಮಾತ್ರವಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಇದೆ, ಎಪಿಎಲ್‌ನವರಿಗೆ ಖರ್ಚಿನ ಶೇ 30 ಮಾತ್ರ, ಅದೂ ₹1.50 ಲಕ್ಷದ ಮಿತಿಯಲ್ಲಿ.

ಒಂದು ಇಲಾಖೆ ಕನಿಷ್ಠ ವೇತನ ಕೊಡಿ ಎನ್ನುತ್ತದೆ, ಇನ್ನೊಂದು ಇಲಾಖೆ ಆ ವೇತನ ಪಡೆದವನು ಬಡವನಲ್ಲ ಎನ್ನುತ್ತದೆ. ನನ್ನ ಮಟ್ಟಿಗೆ ಪಟ್ಟಿಯ ಹೊರಗಿನ ಕೆಲಸದ ಎಲ್ಲಕ್ಕಿಂತ ಬಿಗಿಯಾದ ಗಂಟು ಇದು, ಮತ್ತು ಇದನ್ನು ಕಟ್ಟಿದ್ದು ಮಾಲಕರಲ್ಲ, ಸರ್ಕಾರ.

ಆದರೆ ಇದರ ಜೊತೆ ಸೇರಿಕೊಂಡಿರುವ ಕೆಲವು ಹೆದರಿಕೆಗಳಿಗೆ ಬುಡವಿಲ್ಲ. ಪಿಎಫ್ ಕಟ್ ಆದರೆ ಆದಾಯ ತೆರಿಗೆ ಬೀಳುತ್ತದೆ ಎನ್ನುವವರಿದ್ದಾರೆ. ಇಲ್ಲ. ₹15,000 ಪಗಾರದವನು ತೆರಿಗೆಯ ಹತ್ತಿರಕ್ಕೂ ಬರುವುದಿಲ್ಲ. ಹೆಂಡತಿಯ ಅಥವಾ ತಾಯಿಯ ಗೃಹಲಕ್ಷ್ಮಿ ₹2,000 ನಿಲ್ಲುತ್ತದೆ ಎನ್ನುತ್ತಾರೆ. ಅದು ನಿಲ್ಲುವುದು ಮನೆಯೊಡತಿ ಅಥವಾ ಪತಿ ಆದಾಯ ತೆರಿಗೆ ಇಲ್ಲವೆ ಜಿಎಸ್‌ಟಿ ಕಟ್ಟುವವರಾದರೆ. ಪಿಎಫ್ ಖಾತೆ ಇದ್ದ ಮಾತ್ರಕ್ಕೆ ಅಲ್ಲ.

ಮಾಲಕರ ಕಡೆಯ ಹೆದರಿಕೆ ಬೇರೆ. ಪಗಾರ ಪೂರ್ತಿ ತೋರಿಸಿದರೆ ವ್ಯಾಪಾರವನ್ನೂ ಪೂರ್ತಿ ತೋರಿಸಬೇಕಾಗುತ್ತದೆ. ತಿಂಗಳಿಗೆ ಎರಡು ಲಕ್ಷ ಪಗಾರ ಕೊಡುವ ಖಾನಾವಳಿಯ ವಹಿವಾಟು ವರ್ಷಕ್ಕೆ ಹದಿನೆಂಟು ಲಕ್ಷ ಎಂದರೆ ಯಾರು ನಂಬುತ್ತಾರೆ? ಬಿಲ್ಲಿಲ್ಲದ ಮಾರಾಟದ ರೊಕ್ಕದಿಂದಲೇ ಲಕೋಟೆಯ ಪಗಾರ ಹೋಗುವುದು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು "ನಗದು ಮಾತ್ರ" ಎಂಬ ಬೋರ್ಡುಗಳು ಬಂದವು. ಹಳೆಯ ಬಾಕಿ ಕೇಳುವುದಿಲ್ಲ ಎಂದು ಸರ್ಕಾರ ಆಮೇಲೆ ಹೇಳಿತು. ಅಷ್ಟರಲ್ಲಿ ಕಾಗದಕ್ಕೆ ಬಂದವನೇ ಮೊದಲು ಸಿಕ್ಕಿಬೀಳುತ್ತಾನೆ ಎಂಬ ಪಾಠವನ್ನು ಪೇಟೆ ಕಲಿತಾಗಿತ್ತು.

ಹಮಾಲರ ದಾರಿ

ಬೆಲ್ಲದ ಮಾರುಕಟ್ಟೆಯ ಹಮಾಲರದು ಇನ್ನೊಂದು ತೊಡಕು. ಗಾಣದಿಂದ ಬಂದ ಪೆಂಟಿಗಳನ್ನು ಗಾಡಿಯಿಂದ ಇಳಿಸಿ, ಸವಾಲಿಗೆ ಹೊಂದಿಸಿ, ತೂಗಿ, ಮತ್ತೆ ಲಾರಿಗೆ ಹೇರುವವರು ಅವರು. ಬೆಳಗ್ಗೆ ಒಂದು ಅಡತಿ ಅಂಗಡಿ, ಮಧ್ಯಾಹ್ನ ಇನ್ನೊಂದು. ಹಮಾಲಿ ಸಿಗುವುದು ಎತ್ತಿದ ಲೆಕ್ಕಕ್ಕೆ. ಎಪಿಎಂಸಿ ಕಾಯ್ದೆಯ ಪ್ರಕಾರ ಅವರಿಗೆ ಪರವಾನಗಿ ಇದೆ, ಆದರೆ ಮಾಲಕ ಯಾರು ಎಂದು ಕೇಳಿದರೆ ಒಂದು ಹೆಸರು ಹೇಳಲಾಗದು. ಮಾಲಕನೇ ಇಲ್ಲದ ಕಡೆ ಪಿಎಫ್ ಯಾರು ಕಟ್ಟಬೇಕು?

ಇದಕ್ಕೆ ಉತ್ತರ ದೂರದಲ್ಲಿಲ್ಲ, ಗಡಿಯಾಚೆ ಇದೆ. ಮಹಾರಾಷ್ಟ್ರ 1969ರಲ್ಲಿ ಮಾಥಾಡಿ ಮತ್ತು ಹಮಾಲ ಕಾರ್ಮಿಕರಿಗಾಗಿ ಕಾಯ್ದೆ ತಂದಿತು. ಮುಂಬೈಯಲ್ಲಿ ಅಣ್ಣಾಸಾಹೇಬ ಪಾಟೀಲರು ಕಟ್ಟಿದ ಮಾಥಾಡಿ ಚಳವಳಿ, ಪುಣೆಯಲ್ಲಿ ಬಾಬಾ ಆಢಾವರ ಹಮಾಲ ಪಂಚಾಯತ ಇದರ ಹಿಂದಿನ ಬಲ. ಕಾಯ್ದೆಯ ಯಂತ್ರ ಸರಳ: ಹಮಾಲನೂ ವ್ಯಾಪಾರಿಯೂ ಒಂದು ಮಂಡಳಿಯಲ್ಲಿ ನೋಂದಣಿ ಆಗುತ್ತಾರೆ. ವ್ಯಾಪಾರಿ ಕೂಲಿಯನ್ನು ಕೈಗೆ ಕೊಡುವ ಬದಲು ಮಂಡಳಿಗೆ ಕಟ್ಟುತ್ತಾನೆ, ಅದರ ಮೇಲೆ ಶೇಕಡಾವಾರು ಲೆವಿ ಸೇರಿಸುತ್ತಾನೆ. ಮಂಡಳಿ ಕೂಲಿಯನ್ನು ಹಮಾಲನಿಗೆ ಕೊಟ್ಟು, ಲೆವಿಯಿಂದ ಪಿಎಫ್, ಗ್ರ್ಯಾಚುಟಿ, ಬೋನಸ್, ಚಿಕಿತ್ಸೆ ನೋಡಿಕೊಳ್ಳುತ್ತದೆ. ಮಾಲಕರು ಹತ್ತು ಮಂದಿ ಇದ್ದರೂ ಲೆಕ್ಕ ಒಂದೇ ಕಡೆ. ಮಂಡಳಿಗಳ ಹೆಸರಿನಲ್ಲಿ ವಸೂಲಿ ದಂಧೆಯೂ ನಡೆದಿದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಅರ್ಧ ಶತಮಾನ ನಿಂತ ವ್ಯವಸ್ಥೆ ಅದು.

ಕರ್ನಾಟಕ ಈ ತರ್ಕವನ್ನು ಹಮಾಲರಿಗಿಂತ ಮೊದಲು ಊಟ ತಲುಪಿಸುವ ಹುಡುಗರಿಗೆ ಅನ್ವಯಿಸಿತು. 2025ರ ಗಿಗ್ ಕಾರ್ಮಿಕರ ಕಾಯ್ದೆ ಪ್ರಕಾರ ಆ್ಯಪ್ ಕಂಪನಿಗಳು ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಕಟ್ಟಬೇಕು, ಅದು ಒಂದು ನಿಧಿಗೆ ಸೇರುತ್ತದೆ. ಒಪ್ಪಬೇಕಾದ ಹೆಜ್ಜೆ. ಆದರೆ ಪ್ರತಿ ಪೆಂಟಿಯ ತೂಕಪಟ್ಟಿ ಬರೆಯುವ ಎಪಿಎಂಸಿ ಪ್ರಾಂಗಣದಲ್ಲಿ ಇದೇ ಕೆಲಸ ಇನ್ನೂ ಸುಲಭ. ಯಾವ ಆ್ಯಪ್ಪೂ ಬೇಕಿಲ್ಲ.

ಸದ್ಯ ಹಮಾಲರಿಗೆ ರಾಜ್ಯದಲ್ಲಿ ಇರುವುದು ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯ ಸ್ಮಾರ್ಟ್ ಕಾರ್ಡು. ಮೆಕ್ಯಾನಿಕ್, ಟೈಲರ್, ಕ್ಷೌರಿಕ, ಮನೆಗೆಲಸದವರು ಮೊದಲಾದವರೂ ಇದರಲ್ಲಿದ್ದಾರೆ. ಅಪಘಾತದಲ್ಲಿ ಸತ್ತರೆ ₹1 ಲಕ್ಷ, ಆಸ್ಪತ್ರೆ ಖರ್ಚಿಗೆ ₹50,000ವರೆಗೆ. ಇರಲಿ, ಬೇಡ ಎನ್ನಲಾಗದು. ಇದು ಕೆಲಸಗಾರನನ್ನು ಗುರುತಿಸುತ್ತದೆ, ಅವನ ಕೆಲಸವನ್ನಲ್ಲ. ಕೇಂದ್ರದ ಇ–ಶ್ರಮ್ ಪೋರ್ಟಲ್ಲೂ ಹಾಗೆಯೇ. 2021ರ ಆಗಸ್ಟ್ 26ರಂದು ಶುರುವಾಗಿ ನೋಂದಣಿ 30 ಕೋಟಿ ದಾಟಿದೆ. ಅಷ್ಟು ಜನರ ಹೆಸರಿದೆ, ಮಾಲಕರ ಅಂಕಣ ಇಲ್ಲ.

ಬೆತ್ತ, ಬೆಲ್ಲ ಮತ್ತು ಒಂದು ಪುಸ್ತಕ

ನೀತಿ ರೂಪಿಸುವವರ ಕೈಗೆ ಮೊದಲು ಸಿಗುವುದು ಬೆತ್ತ, ಅಂದರೆ ತಪಾಸಣೆ ಮತ್ತು ದಂಡ. ಕಡಿಮೆ ವೇತನ ಕೊಟ್ಟರೆ ಹೊಸ ಸಂಹಿತೆಯಲ್ಲಿ ₹50,000ವರೆಗೆ ದಂಡವಿದೆ. ಐದು ವರ್ಷದೊಳಗೆ ಮತ್ತೆ ತಪ್ಪಿದರೆ ₹1 ಲಕ್ಷದವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಾಖಲೆ ಇಡದಿದ್ದರೆ ₹10,000ವರೆಗೆ. ಆದರೆ ನಿರೀಕ್ಷಕರ ಜೀಪು ಪೇಟೆಗೆ ಬರುವ ಮೊದಲೇ ಸುದ್ದಿ ಬಂದಿರುತ್ತದೆ. ಮಹಾಲಿಂಗಪುರಕ್ಕೆ ತಾಲ್ಲೂಕು ಕಚೇರಿಯೇ ಇಲ್ಲ. ಮೊದಲು ಮುಧೋಳ, ಈಗ ರಬಕವಿ–ಬನಹಟ್ಟಿ. ತಮ್ಮ ಊರೂ ತಾಲ್ಲೂಕಾಗಲಿ ಎಂದು ಜನ ಹೋರಾಡುತ್ತ ಬಂದಿರುವುದರ ಹಿಂದೆ ಇಂಥ ಅಲೆದಾಟದ ಬೇಸರವೂ ಇದೆ. ಅಲ್ಲದೆ ಬೆತ್ತ ಮಾತ್ರ ಆಡಿದರೆ ಐವರು "ಅಳಿಯಂದಿರು" ಇನ್ನಷ್ಟು ಒಳಕೋಣೆಗೆ ಹೋಗುತ್ತಾರೆ.

ಬೆಲ್ಲವನ್ನೂ ಕೇಂದ್ರ ಇತ್ತೀಚೆಗೆ ಹಂಚಿದೆ. ಇಎಸ್‌ಐ ನಿಗಮ 2025ರ ಜುಲೈ 1ರಿಂದ ನಡೆಸಿದ ಸ್ಪ್ರೀ ಯೋಜನೆಯಲ್ಲಿ ತಾವಾಗಿ ನೋಂದಣಿಯಾದವರ ಹಿಂದಿನ ಬಾಕಿ ಕೇಳಲಿಲ್ಲ. ಪಿಎಫ್ ಸಂಸ್ಥೆ 2025ರ ನವೆಂಬರ್ 1ರಿಂದ 2026ರ ಏಪ್ರಿಲ್ 30ರವರೆಗೆ, 2017ರ ಜುಲೈನಿಂದ ಈಚೆಗೆ ಬಿಟ್ಟುಹೋದ ಕೆಲಸಗಾರರನ್ನು ಸೇರಿಸಲು ಅವಕಾಶ ಕೊಟ್ಟಿತು. ಪಗಾರದಿಂದ ಕಟ್ ಮಾಡಿರದಿದ್ದರೆ ಕೆಲಸಗಾರನ ಪಾಲು ಮಾಫಿ, ದಂಡ ₹100 ಮಾತ್ರ. ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ ಇನ್ನೊಂದು. 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಮೊದಲ ಬಾರಿ ಪಿಎಫ್‌ಗೆ ಬಂದ ಕೆಲಸಗಾರನಿಗೆ ಎರಡು ಕಂತಿನಲ್ಲಿ ₹15,000ವರೆಗೆ ಸಿಗುತ್ತದೆ. ಹೆಚ್ಚುವರಿಯಾಗಿ ತೆಗೆದುಕೊಂಡ ಪ್ರತಿಯೊಬ್ಬನಿಗೆ ಮಾಲಕರಿಗೆ ತಿಂಗಳಿಗೆ ₹3,000ವರೆಗೆ, ಎರಡು ವರ್ಷ. ಐವತ್ತಕ್ಕಿಂತ ಕಡಿಮೆ ಜನರಿರುವ ಸಂಸ್ಥೆ ಕನಿಷ್ಠ ಇಬ್ಬರನ್ನು ಹೊಸದಾಗಿ ಸೇರಿಸಿರಬೇಕು.

ಮೇಲಿನ ಲೆಕ್ಕಕ್ಕೆ ಇದನ್ನು ಹೊಂದಿಸಿ ನೋಡಿ. ಮಾಲಕರಿಗೆ ಬೀಳುವ ಹೆಚ್ಚುವರಿ ಹೊರೆ ₹2,438, ₹10,000ದಿಂದ ₹20,000ದೊಳಗಿನ ಪಗಾರಕ್ಕೆ ಸರ್ಕಾರ ಕೊಡುವುದು ₹2,000. ಎರಡು ವರ್ಷದ ಮಟ್ಟಿಗೆ ಹೊರೆ ಬಹುಪಾಲು ಇಳಿದಂತೆ. ಇಂಥ ಲೆಕ್ಕವನ್ನು ಅಂಗಡಿಯ ಮುಂದೆ ನಿಂತು ಬರೆದು ತೋರಿಸುವವರು ಬೇಕು. ತೆರಿಗೆ ಸಲಹೆಗಾರರು ಸಾಮಾನ್ಯವಾಗಿ ಜಿಎಸ್‌ಟಿ ರಿಟರ್ನ್ ಹಾಕಿ ಸುಮ್ಮನಾಗುತ್ತಾರೆ.

ಸ್ವೀಡನ್ 2007ರಿಂದ ಮಾಡುತ್ತಿರುವುದು ನನಗೆ ಇಷ್ಟವಾಗುತ್ತದೆ, ಏಕೆಂದರೆ ಅದು ನಮ್ಮ ವಹಿಗೆ ಹತ್ತಿರ. ಅಲ್ಲಿ ಹೋಟೆಲು ಮತ್ತು ಕಟಿಂಗ್ ಅಂಗಡಿಗಳಲ್ಲಿ ಒಂದು ದಿನವಹಿ ಇರಬೇಕು: ಇವತ್ತು ಯಾರು ಕೆಲಸದಲ್ಲಿದ್ದಾರೆ, ಯಾವಾಗ ಬಂದರು, ಯಾವಾಗ ಹೋದರು. ತೆರಿಗೆ ಇಲಾಖೆಯವರು ಹೇಳದೆ ಬಂದು, ಅಂಗಡಿಯಲ್ಲಿ ಕಾಣುವ ತಲೆಗಳನ್ನು ಪುಸ್ತಕದ ಹೆಸರುಗಳ ಜೊತೆ ಹೋಲಿಸುತ್ತಾರೆ. ಪಗಾರ, ಪಿಎಫ್, ಗಂಟೆ ಎಲ್ಲ ಆಮೇಲಿನ ಮಾತು. ಮುಂದೆ ಲಾಂಡ್ರಿಗಳಿಗೆ, ಕಟ್ಟಡ ಕೆಲಸಕ್ಕೂ ಇದು ಬಂತು. ಸಂಬಂಧಿಕರಾಗಲಿ, ಕಲಿಯಲು ಬಂದವರಾಗಲಿ, ಒಳಗೆ ಕೆಲಸದಲ್ಲಿದ್ದರೆ ಹೆಸರು ಇರಬೇಕು. "ಅಳಿಯ" ಎಂಬ ಉತ್ತರಕ್ಕೆ ಜಾಗವೇ ಇಲ್ಲ.

ಮಹಾಲಿಂಗಪುರದಂಥ ಊರಿಗೆ ಏನು ಒಗ್ಗುತ್ತದೆ ಎಂದು ಕೇಳಿದರೆ ನಾನು ಪುರಸಭೆಯ ಉದ್ಯಮ ಪರವಾನಗಿಯಿಂದ ಶುರು ಮಾಡುತ್ತೇನೆ. ಹೆಚ್ಚಿನ ಅಂಗಡಿಗಳು ಗಾಜು ಹಾಕಿಸಿ ಗೋಡೆಗೆ ತೂಗುಹಾಕುವ ಕಾಗದ ಅದು. ವರ್ಷಕ್ಕೊಮ್ಮೆ ನವೀಕರಣದ ಹೊತ್ತಿಗೆ ಕೆಲಸಗಾರರ ಹೆಸರು ಮತ್ತು ಇ–ಶ್ರಮ್ ಅಥವಾ ಪಿಎಫ್ ಸಂಖ್ಯೆಯ ಒಂದು ಪುಟ ಕೇಳಿದರೆ ಸಾಕು, ಬೇರೆ ಕಚೇರಿಗೆ ಅಲೆಯಬೇಕಿಲ್ಲ. ಮೊದಲ ವರ್ಷ ಆ ಪುಟದ ಮೇಲೆ ಯಾವ ನೋಟಿಸೂ ಹೋಗಬಾರದು, ಹಾಗೆಂದು ಬರೆದುಕೊಡಬೇಕು. ಇಲ್ಲದಿದ್ದರೆ ಯುಪಿಐ ನೋಟಿಸಿನ ಕಥೆಯೇ ಆಗುತ್ತದೆ.

ಅದಕ್ಕಿಂತ ಮುಖ್ಯವಾದದ್ದು ರೇಶನ್ ಕಾರ್ಡಿನ ಗಂಟು ಬಿಚ್ಚುವುದು. ಹೊಸದಾಗಿ ಪಿಎಫ್ ಅಥವಾ ಇಎಸ್‌ಐಗೆ ಬಂದ ಕುಟುಂಬದ ಬಿಪಿಎಲ್ ಕಾರ್ಡನ್ನು ಕೆಲವು ವರ್ಷ ಮುಟ್ಟುವುದಿಲ್ಲ ಎಂದು ಒಂದು ಸರ್ಕಾರಿ ಆದೇಶ ಸಾಕು. ₹1.20 ಲಕ್ಷದ ಮಿತಿಯನ್ನು ರಾಜ್ಯದ್ದೇ ಕನಿಷ್ಠ ವೇತನಕ್ಕಿಂತ ಮೇಲೆ ಇಡುವುದು ಅದಕ್ಕಿಂತ ಸರಿಯಾದ ದಾರಿ. ಇದಕ್ಕೆ ಕಾರ್ಮಿಕ ಮತ್ತು ಆಹಾರ ಇಲಾಖೆಗಳು ಒಂದೇ ಮೇಜಿನ ಮುಂದೆ ಕೂರಬೇಕಷ್ಟೆ.

ಇಎಸ್‌ಐ ವಿಷಯದಲ್ಲಿ ಕೆಲಸಗಾರ ಎತ್ತುವ ತಕರಾರು ನ್ಯಾಯವಾದದ್ದು. ತಿಂಗಳಿಗೆ ₹113 ಕಟ್ಟಿ ಚಿಕಿತ್ಸೆಗೆ ಬೆಳಗಾವಿ, ಹುಬ್ಬಳ್ಳಿಯ ಇಎಸ್‌ಐ ಆಸ್ಪತ್ರೆ ನೆನೆಯುವಂತಾದರೆ ಯಾರು ಒಪ್ಪುತ್ತಾರೆ? ಜಮಖಂಡಿ, ಮುಧೋಳ, ಮಹಾಲಿಂಗಪುರ ಭಾಗದ ಖಾಸಗಿ ದವಾಖಾನೆಗಳನ್ನು ಇಎಸ್‌ಐ ಪಟ್ಟಿಗೆ ತರುವುದು ಯಾವ ಜಾಗೃತಿ ಜಾಥಾಕ್ಕಿಂತ ಹೆಚ್ಚು ಹೆಸರುಗಳನ್ನು ಹಾಜರಿ ಪುಸ್ತಕಕ್ಕೆ ತರುತ್ತದೆ. ಮದುವೆ ಹಂಗಾಮಿನಲ್ಲಿ ಒಂದು ಸಂಜೆ ಬಡಿಸಿ ಹೋಗುವ ಹುಡುಗರಿಗೆ ಮಾತ್ರ ಇದಾವುದೂ ಹೊಂದುವುದಿಲ್ಲ. ಅವರಿಗೆ ಹಮಾಲರ ಮಂಡಳಿಯಂಥದ್ದೇ ಬೇಕು, ಕೇಟರಿಂಗ್ ಬಿಲ್ಲಿನ ಮೇಲೆ ಸಣ್ಣ ಲೆವಿ.

ಈಗಲೇ ಮಾಡಬಹುದಾದದ್ದು

ಪಟ್ಟಿಯಲ್ಲಿ ಹೆಸರಿಲ್ಲ ಎಂದಾಕ್ಷಣ ಕೆಲಸಗಾರನಿಗೆ ಹಕ್ಕೇ ಇಲ್ಲ ಎಂದಲ್ಲ. ಕಡಿಮೆ ಕೊಟ್ಟ ಅಥವಾ ಕೊಡದ ಪಗಾರಕ್ಕೆ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಆಗ ರೊಕ್ಕ ಕೊಟ್ಟಿದ್ದೇನೆ ಎಂದು ಸಾಬೀತು ಮಾಡುವ ಹೊಣೆ ಮಾಲಕರದು, ಕೊಟ್ಟಿಲ್ಲ ಎಂದು ಸಾಬೀತು ಮಾಡುವ ಹೊಣೆ ಕೆಲಸಗಾರನದಲ್ಲ. ವೇತನ ಸಂಹಿತೆಯ 59ನೇ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಇದನ್ನು ತಿಳಿದ ಮಾಲಕರಿಗೆ ಪಗಾರವನ್ನು ಬ್ಯಾಂಕಿನ ಮೂಲಕ ಕೊಡುವುದು ತಮ್ಮ ರಕ್ಷಣೆಗೇ ಒಳ್ಳೆಯದು ಎಂದು ಹೊಳೆಯಬೇಕು.

ಅಲ್ಲಿ ಕೆಲಸ ಮಾಡಿದ್ದೆ ಎಂಬುದನ್ನಾದರೂ ತೋರಿಸಬೇಕಾಗುತ್ತದೆ. ಪಗಾರ ಬಂದ ಫೋನ್‌ಪೇ ಸಂದೇಶ, "ಇವತ್ತು ಬೇಗ ಬಾ" ಎಂಬ ವಾಟ್ಸ್‌ಆ್ಯಪ್ ಮಾತು, ಅಂಗಡಿಯ ಹೆಸರಿರುವ ಅಂಗಿ ತೊಟ್ಟ ಹಬ್ಬದ ಫೋಟೊ, ಜೊತೆಗೆ ದುಡಿದವರ ಮಾತು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅಳಿಸಬೇಡಿ. ಅಡ್ವಾನ್ಸ್ ಪಡೆದಾಗ ಮಾಲಕರ ವಹಿಯ ಆ ಪುಟದ ಫೋಟೊ ಒಂದನ್ನು ಕೇಳಿ ತೆಗೆದುಕೊಳ್ಳಿ, ಇಬ್ಬರಿಗೂ ಜಗಳ ತಪ್ಪುತ್ತದೆ. ಪಗಾರದಿಂದ ಪಿಎಫ್ ಕಟ್ ಆಗುತ್ತಿದ್ದರೆ ಅದು ನಿಜವಾಗಿ ಜಮೆ ಆಗುತ್ತಿದೆಯೇ ಎಂದು ಉಮಂಗ್ ಆ್ಯಪ್‌ನಲ್ಲಿ ನಿಮ್ಮ ಪಿಎಫ್‌ನ ಯುಎಎನ್ ಸಂಖ್ಯೆ ಹಾಕಿ ತಿಂಗಳಿಗೊಮ್ಮೆ ನೋಡಿ.

ಮಾಲಕರಿಗೆ ಒಂದು ಮಾತು. ಇಪ್ಪತ್ತು ಮಂದಿ ಇಲ್ಲದಿದ್ದರೂ ಕೆಲಸಗಾರರ ಬಹುಮತದ ಒಪ್ಪಿಗೆ ಇದ್ದರೆ ಪಿಎಫ್‌ಗೆ ಸ್ವಂತ ಇಚ್ಛೆಯಿಂದ ಸೇರಬಹುದು. ಅಷ್ಟು ದೂರ ಹೋಗಲು ಮನಸ್ಸಿಲ್ಲದಿದ್ದರೆ ಒಂದು ಹಾಳೆಯ ಮೇಲೆ ಹೆಸರು, ಸೇರಿದ ತಾರೀಕು, ಪಗಾರ, ಕೆಲಸದ ವೇಳೆ ಬರೆದು ಸಹಿ ಹಾಕಿ ಕೊಡಿ. ಖರ್ಚು ಎರಡು ರೂಪಾಯಿಯ ಜೆರಾಕ್ಸ್. ಹೇಗೆ ಬರೆಯಬೇಕು, ಎಲ್ಲಿ ನೋಂದಣಿ ಮಾಡಬೇಕು ಎಂಬ ಗೊಂದಲ ಇದ್ದರೆ ರಾಜ್ಯ ಕಾರ್ಮಿಕ ಇಲಾಖೆಯ ಸಹಾಯವಾಣಿ 155214, ಇ–ಶ್ರಮ್‌ಗೆ 14434. ಎರಡಕ್ಕೂ ಕೆಲಸಗಾರರೂ ಕರೆ ಮಾಡಬಹುದು, ಮಾಲಕರೂ ಮಾಡಬಹುದು.